ಬಣ್ಣದ ಮೇಲಿನ ತುಕ್ಕು

ಬೆಂಗಳೂರಿನಲ್ಲಿರುವ ತಂಗಿಯ ಮನೆಯ ಬಾಗಿಲು ತೆರೆದ ಕೂಡಲೇ ನಮಗೆ ಎದುರಾಗುವುದು ಥಿನ್ನರಿನ ವಾಸನೆ. ಈರುಳ್ಳಿ ಬಾಡಿಸುವ ಘಮವನ್ನೂ ಹಿಂದಿಕ್ಕಿ ಅದು ನಡುಮನೆಯವರೆಗೆ ಬಂದು ಕುಳಿತಿರುತ್ತದೆ. ತಂಗಿ ಗೊಣಗುತ್ತಾಳೆ, ಕಿಟಕಿ ತೆರೆಯುತ್ತಾಳೆ, ಮಗನನ್ನು ಬೈಯುತ್ತಾಳೆ. ನಮಗೆ ಮಾತ್ರ ಆ ವಾಸನೆಯ ಪರಿಚಯ ಹಳೆಯದು. ನಮ್ಮ ಅಬ್ಬಾ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮಿಸ್ತ್ರಿಯಾಗಿದ್ದರು. ಸಂಜೆ ಮನೆಗೆ ಬಂದು ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಅವರು ಮುರಿದು ಕೊಟ್ಟ ರೊಟ್ಟಿಯ ತುಂಡಿನಲ್ಲಿ ಈ ವಾಸನೆ ಇರುತ್ತಿತ್ತು. ಅವರು ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ, ಅವರನ್ನು ನೋಡಿಯೇ ಇರದ ಮೊಮ್ಮಗನ ಕೋಣೆಯಿಂದ ಅದೇ ವಾಸನೆ ಬರುತ್ತಿದೆ.

ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಬಿಡುವಿದ್ದಾಗ ಪ್ಲಾಸ್ಟಿಕ್ಕಿನ ಪುಟ್ಟ ಕಾರು, ಮೋಟಾರ್ ಸೈಕಲ್ಲುಗಳನ್ನು ಜೋಡಿಸಿ ಬಣ್ಣ ಹಚ್ಚುತ್ತಾನೆ. ಆಟಿಕೆ ಎಂದರೆ ಸಿಟ್ಟು ಬರುತ್ತದೆ; ಸ್ಕೇಲ್ ಮಾಡೆಲ್ ಎನ್ನಬೇಕು. ಅಸಲಿ ವಾಹನದ ಅಳತೆಯನ್ನು ಇಂತಿಷ್ಟು ಪಾಲು ಕುಗ್ಗಿಸಿ ಮಾಡಿದ ಪ್ರತಿಕೃತಿ ಅದು. ಕಾರುಗಳು ಹೆಚ್ಚಾಗಿ 24ರಲ್ಲಿ ಒಂದು ಪಾಲು, ಅಮೆರಿಕದವರು ಮಾಡಿದ್ದಾದರೆ 25ರಲ್ಲಿ ಒಂದು, ಮೋಟಾರ್ ಸೈಕಲ್ಲುಗಳು 12ರಲ್ಲಿ ಒಂದು. ಡಬ್ಬಿ ಬಿಚ್ಚಿದರೆ ಒಳಗೆ ಕಾರಿನ ಸುಳಿವೇ ಇರುವುದಿಲ್ಲ. ಬಾಡಿಯೊಂದು ಇಡಿಯಾಗಿ ಇರುತ್ತದೆ, ಉಳಿದದ್ದೆಲ್ಲ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳು. ಒಂದೊಂದನ್ನೂ ಕತ್ತರಿಸಿ, ಅಂಚು ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಜೋಡಿಸಬೇಕು. ಇದರ ಗೋಂದು ನಾವು ತಿಳಿದ ಗೋಂದಿನಂಥದ್ದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಎರಡು ತುಂಡನ್ನು ಒಂದು ಮಾಡಿಬಿಡುತ್ತದೆ. ಒಣಗಿದ ಮೇಲೆ ನಡುವೆ ಗೋಂದು ಎಂಬುದೇ ಉಳಿಯುವುದಿಲ್ಲ. ಆಮೇಲೆ ಪ್ರೈಮರ್, ಬಣ್ಣ, ಅದರ ಮೇಲೆ ಹೊಳಪಿನ ಲೇಪ. ಇಷ್ಟಕ್ಕೆ ಎರಡು ತಿಂಗಳು ಹಿಡಿಯುತ್ತದೆ. ಓಡದ ಕಾರಿಗೆ ಎರಡು ತಿಂಗಳೇ ಎಂದು ತಂಗಿಯ ದೂರು. ನಮ್ಮ ಅಮ್ಮಿಯದು ಬೇರೆ ಚಿಂತೆ. ಮೊದಲ ಸಲ ನೋಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಳಗೆ ಮನುಷ್ಯನ ಬೊಂಬೆ ಕೂರಿಸಿದ್ದೀಯೇನೋ?" ಇಲ್ಲ ನಾನಿ, ಬರೀ ಕಾರು ಎಂದ ಮೇಲೆ ಸಮಾಧಾನಪಟ್ಟು ಕನ್ನಡಕ ಹಾಕಿಕೊಂಡು ಸ್ಟಿಯರಿಂಗ್ ಹುಡುಕಿದರು.

ಈ ಹವ್ಯಾಸದ ಹುಟ್ಟಿನಲ್ಲಿ ಒಂದು ಸ್ವಾರಸ್ಯವಿದೆ. ಇಂದು ವಿರಾಮದ ಕಲೆಯೆಂದು ಕಾಣುವ ಇದರ ಮೂಲದಲ್ಲಿ ವ್ಯಾಪಾರವೇ ಇತ್ತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಮಾಡಿದ ಫರ್ಗುಸನ್ ಟ್ರ್ಯಾಕ್ಟರಿನ ಮಾದರಿ ಮೊದಲಿಗೆ ಆ ಟ್ರ್ಯಾಕ್ಟರಿನ ಮಾರಾಟಗಾರರ ಕೈಗೆ ಕೊಡಲೆಂದು ತಯಾರಾದದ್ದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1948ರಲ್ಲಿ ಶುರುವಾದ ಎ.ಎಂ.ಟಿ. ಕಂಪನಿಯದೂ ಹೀಗೆಯೇ. ಫೋರ್ಡ್ ಡೀಲರುಗಳ ಮೇಜಿನ ಮೇಲೆ ಇಡಲು, ಕಾರ್ಖಾನೆಯ ಅಸಲಿ ಬಣ್ಣದಲ್ಲೇ ಪುಟ್ಟ ಕಾರುಗಳನ್ನು ಅದು ಮಾಡಿಕೊಡುತ್ತಿತ್ತು. ಗಿರಾಕಿ ದೊಡ್ಡ ಕಾರಿನ ಬೆಲೆ ಮಾತಾಡುವಾಗ ಅವನ ಮಗ ಸಣ್ಣದನ್ನು ಕೈಯಲ್ಲಿ ಹಿಡಿದಿರುತ್ತಿದ್ದ. ಬಿಡಿಭಾಗಗಳ ಡಬ್ಬಿಯನ್ನು ಎ.ಎಂ.ಟಿ. ಮಾರಾಟಕ್ಕೆ ತಂದದ್ದು 1958ರಲ್ಲಿ. ಒಂದೇ ಡಬ್ಬಿಯಿಂದ ಮೂರು ಬಗೆಯಲ್ಲಿ ಕಾರು ಕಟ್ಟಬಹುದಾಗಿತ್ತು. ಡೀಲರುಗಳ ಆ ಮೊದಲ ಕಾಲದ ಕಾರುಗಳಿಗೆ ಬಳಸಿದ ಅಸಿಟೇಟ್ ಪ್ಲಾಸ್ಟಿಕ್ ವರ್ಷ ಕಳೆದಂತೆ ತಾನಾಗಿ ಸೊಟ್ಟಗಾಗುತ್ತಿತ್ತು. ಈಗ ಸಂಗ್ರಹಗಾರರ ಬಳಿ ಉಳಿದಿರುವ ಎಷ್ಟೋ ಕಾರುಗಳು ಬಿಸಿಲಿಗೆ ಬಾಡಿದ ಎಲೆಯ ಹಾಗೆ ಬಾಗಿವೆ. ಮಾರಲು ಮಾಡಿದ್ದು ಬಾಗಿತು, ಕಟ್ಟಲೆಂದು ಕೊಂಡದ್ದು ನೆಟ್ಟಗೆ ಉಳಿಯಿತು ಎಂದು ಇದರಿಂದ ನೀತಿ ತೆಗೆಯುವ ಆಸೆ ನಮಗಿಲ್ಲ. ಪ್ಲಾಸ್ಟಿಕ್ಕಿನ ಜಾತಿ ಬೇರೆ, ಅಷ್ಟೇ.

ಹುಡುಗನಿಗೆ ಈ ಲೋಕದಲ್ಲಿ ಉಸ್ತಾದರೆಂದರೆ ಜಪಾನಿನವರು, ಅದರಲ್ಲೂ ಶಿಜುವೊಕಾ ಪಟ್ಟಣದ ತಮಿಯಾ ಕಂಪನಿ. 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಅದು ಹುಟ್ಟಿತು. ಮರದ ಮಾದರಿಗಳನ್ನು ಮಾಡುತ್ತ ಬಂದು, ಬೆಂಕಿ ಅನಾಹುತವನ್ನೂ ಕಂಡು, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದಿತು. ಅದನ್ನು ಬೆಳೆಸಿದ ಶುನ್‌ಸಾಕು ತಮಿಯಾ 2025ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಪೋರ್ಷೆ ಕಾರಿನ ಮಾದರಿ ಮಾಡಬೇಕೆಂದು ಹೊರಟಾಗ ಚಿತ್ರ, ನಕ್ಷೆಗಳು ಅವರಿಗೆ ಸಾಕಾಗಲಿಲ್ಲ. ಒಂದು ಅಸಲಿ ಪೋರ್ಷೆ 911 ಅನ್ನೇ ಕೊಂಡುಕೊಂಡು, ಬಿಚ್ಚಿಹಾಕಿ ಅಳತೆ ತೆಗೆಸಿದರು. 1976ರಲ್ಲಿ ಬಂದ ಅವರ ಪೋರ್ಷೆ 934 ಮಾದರಿಯ ಹಿಂದೆ ಈ ಸಾಹಸವಿದೆ. ಅಷ್ಟು ದುಬಾರಿ ಕಾರನ್ನು ಕೊಂಡು ಓಡಿಸುವವರು ಇದ್ದಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ. ಅದರ ನಿಜ ತಿಳಿಯಲೆಂದೇ ಬಿಚ್ಚಿದವರನ್ನು ಕಂಡರೆ ನಮಗೆ ಗೌರವ.

ಆದರೆ ಅಷ್ಟು ಅಳತೆ ತೆಗೆದ ಮೇಲೂ ಮಾದರಿ ನಿಜವಾಗುವುದಿಲ್ಲ ಎನ್ನುತ್ತಾನೆ ಹುಡುಗ. ಅವನ ಲೆಕ್ಕ ಹೀಗಿದೆ. ಅಸಲಿ ಕಾರಿನ ಬಣ್ಣದ ದಪ್ಪ ಸುಮಾರು 0.1 ಮಿಲಿಮೀಟರ್. 24ರಲ್ಲಿ ಒಂದು ಪಾಲಿನ ಮಾದರಿಯ ಮೇಲೆ ಪ್ರೈಮರು, ಬಣ್ಣ, ಹೊಳಪು ಸೇರಿ ಅದೇ 0.1 ಮಿಲಿಮೀಟರ್ ಕುಳಿತರೆ, ಅಳತೆಯ ಪ್ರಕಾರ ಅದು ಅಸಲಿ ಕಾರಿಗೆ 2.4 ಮಿಲಿಮೀಟರ್ ದಪ್ಪದ ಬಣ್ಣ ಬಳಿದ ಹಾಗೆ. ಯಾವ ಕಾರೂ ಅಂಥ ಕಂಬಳಿ ಹೊದೆಯುವುದಿಲ್ಲ. ಅಸಲಿ ಬಾಗಿಲಿನ ಸಂದು ನಾಲ್ಕೈದು ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ ಅದು ಕೂದಲೆಳೆಯಷ್ಟು. ಅಷ್ಟು ಸಣ್ಣ ಸಂದಿನಲ್ಲಿ ನೆರಳು ತಾನಾಗಿ ಕೂರುವುದಿಲ್ಲ. ತೆಳುವಾದ ಕಪ್ಪು ಬಣ್ಣವನ್ನು ಹರಿಸಿ ನೆರಳನ್ನೇ ಬರೆಯಬೇಕು. ಅಸಲಿ ಕಾರಿನ ಕಪ್ಪು ಟೈರಿಗೆ ಮಾದರಿಯಲ್ಲಿ ಅಚ್ಚ ಕಪ್ಪು ಬಳಿದರೆ ಕಲ್ಲಿದ್ದಲಿನ ತುಂಡಿನಂತೆ ಕಾಣುತ್ತದೆ. ಸ್ವಲ್ಪ ಬೂದಿ ಬೆರೆಸಿದರೇನೇ ಕಣ್ಣಿಗೆ ಟೈರು. ಅಂದರೆ ಅಳತೆಗೆ ನಿಷ್ಠರಾದರೆ ನೋಟಕ್ಕೆ ಸುಳ್ಳಾಗುತ್ತದೆ, ನೋಟಕ್ಕೆ ನಿಷ್ಠರಾದರೆ ಅಳತೆಗೆ ಸುಳ್ಳು. ಕಥೆ ಬರೆಯುವ ನಮಗೆ ಈ ಇಕ್ಕಟ್ಟು ಹೊಸದಲ್ಲ. ಬಜಾರಿನಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆದಾಗ ಓದುಗರು ಅದನ್ನು ನಂಬಿಲ್ಲ, ತಿದ್ದಿ ಬರೆದಾಗ ಅಸಲಿ ಎಂದಿದ್ದಾರೆ.

ಇಲ್ಲಿಯವರೆಗೆ ನಮ್ಮ ಮತ್ತು ಹುಡುಗನ ನಡುವೆ ಹರಟೆ ಮಾತ್ರ. ಕಳೆದ ರಂಜಾನಿಗೆ ಮುಂಚೆ ಹೋದಾಗ ಅವನ ಮೇಜಿನ ಮೇಲೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿತ್ತು, 1966ರ ಮಾದರಿ. ಜಗತ್ತಿನಲ್ಲಿ 2 ಕೋಟಿ 15 ಲಕ್ಷಕ್ಕೂ ಹೆಚ್ಚು ತಯಾರಾಗಿ, 2003ರಲ್ಲಿ ಮೆಕ್ಸಿಕೋದಲ್ಲಿ ತಯಾರಿ ನಿಂತ ಆಮೆಬೆನ್ನಿನ ಕಾರದು. ನಾಲ್ಕು ಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ ಆ ಕಾರು ಇಲ್ಲಿ ಅಂಗೈಯಷ್ಟು, 17 ಸೆಂಟಿಮೀಟರ್. ಅವನು ಹಿಂದೆ ಮಾಡಿದ ಕಾರುಗಳೆಲ್ಲ ಕನ್ನಡಿಯಂತೆ ಹೊಳೆಯುವಂಥವು. ಬಣ್ಣ ಒಣಗಿದ ಮೇಲೆ 2000ದಿಂದ ಶುರುಮಾಡಿ 12000 ನಂಬರಿನ ಉಜ್ಜುಬಟ್ಟೆಯವರೆಗೆ ಉಜ್ಜುತ್ತಿದ್ದ. ಈ ಸಲ ಅವನ ಆಸೆ ಬೇರೆಯಾಗಿತ್ತು. ಮಳೆಯಲ್ಲಿ ವರ್ಷಗಟ್ಟಲೆ ನಿಂತ, ತುಕ್ಕು ಹಿಡಿದ ಕಾರು ಮಾಡಬೇಕು.

"ಮಾಮು, ಕಾರಿಗೆ ತುಕ್ಕು ಮೊದಲು ಎಲ್ಲಿ ಹಿಡಿಯುತ್ತೆ? ನಿಮಗೆ ಗೊತ್ತಿರಬೇಕಲ್ವಾ, ನೀವು ಗ್ಯಾರೇಜಿನಲ್ಲಿ ಬೆಳೆದವರು" ಎಂದ.

ಗೊತ್ತಿತ್ತು. ನೀರು ನಿಲ್ಲುವಲ್ಲಿ ಹಿಡಿಯುತ್ತದೆ, ಗಾಳಿ ಆಡದಲ್ಲಿ ಹಿಡಿಯುತ್ತದೆ. ಮಡ್‌ಗಾರ್ಡಿನ ಒಳಮೈಯಲ್ಲಿ, ಬಾಗಿಲಿನ ಕೆಳ ಅಂಚಿನಲ್ಲಿ, ಕಾಲಿಡುವ ಮ್ಯಾಟಿನ ಅಡಿಯಲ್ಲಿ. ಬೀಟಲಿನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗಿರುತ್ತದೆ, ಅದರ ಆಸಿಡ್ ಚೆಲ್ಲಿ ಅಲ್ಲಿನ ತಳ ಮೊದಲು ಹೋಗುತ್ತದೆ. ಹೊರಗೆ ಕಾಣುವುದು ಕೊನೆಗೆ. ಬಣ್ಣದ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆ ಎದ್ದಿತೆಂದರೆ ಒಳಗೆ ಅಂಗೈಯಗಲ ತಿಂದಿದೆ ಎಂದೇ ಅರ್ಥ. ಇದನ್ನೆಲ್ಲ ನಾವು ಹೇಳುತ್ತಾ ಹೋದೆವು, ಅವನು ಪೆನ್ಸಿಲಿನಿಂದ ಪ್ಲಾಸ್ಟಿಕ್ಕಿನ ಮೇಲೆ ಗುರುತು ಹಾಕಿಕೊಳ್ಳುತ್ತಾ ಹೋದ.

ಆಮೇಲೆ ತುಕ್ಕು ಮಾಡುವ ವಿಧಾನ ತೋರಿಸಿದ. ಮೊದಲು ಆ ಜಾಗಕ್ಕೆಲ್ಲ ತುಕ್ಕಿನ ಕಂದು ಬಣ್ಣ ಹೊಡೆದು ಒಣಗಿಸಿದ. ನೀರು ಚಿಮುಕಿಸಿ ಅಡುಗೆಮನೆಯಿಂದ ತಂದ ಉಪ್ಪನ್ನು ಉದುರಿಸಿದ. ಉಪ್ಪು ಅಂಟಿಕೊಂಡ ಮೇಲೆ ಪುಟ್ಟ ಗನ್ನಿನಿಂದ ಇಡೀ ಕಾರಿಗೆ ತಿಳಿ ಹಸಿರು ಬಣ್ಣ ಹೊಡೆದ. ಈಗ ಕಾರು ಪೂರ್ತಿ ಹಸಿರು. ಕೆಳಗೆ ತುಕ್ಕು ಇದೆಯೆಂದು ಯಾರಿಗೂ ತಿಳಿಯುವಂತಿರಲಿಲ್ಲ, ಅಲ್ಲಲ್ಲಿ ಸ್ವಲ್ಪ ತರಿತರಿ ಎನಿಸುತ್ತಿತ್ತು, ಅಷ್ಟೇ. ಬಣ್ಣ ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಉಜ್ಜಿದ. ಉಪ್ಪಿನ ಹರಳುಗಳು ಮೇಲಿನ ಹಸಿರನ್ನೂ ಕಿತ್ತುಕೊಂಡು ಉದುರಿದವು. ಕೆಳಗಿನ ಕಂದು ಬಣ್ಣ ಅಂಕುಡೊಂಕಾಗಿ, ನಿಜವಾದ ತುಕ್ಕಿನ ಹಾಗೆಯೇ, ಹೊರಗೆ ಬಂತು.

ನಾವು ನೋಡುತ್ತಾ ನಿಂತೆವು. ಉಜ್ಜುವುದಕ್ಕೆ ಮುಂಚಿನವರೆಗೆ ಅವನು ಮಾಡಿದ್ದೆಲ್ಲ ನಮ್ಮ ಗ್ಯಾರೇಜಿನ ಕೆಲಸವೇ. ಕೆಳಗೆ ತುಕ್ಕು, ಮೇಲೆ ಬಣ್ಣ. ಅವನು ಕೊನೆಗೆ ಮಾಡಿದ ಆ ಒಂದು ಕೆಲಸವನ್ನು ನಾವು ಮಾಡುತ್ತಿರಲಿಲ್ಲ.

ಅದು 1993. ನಾವು ಒಂಬತ್ತನೇ ತರಗತಿಯಲ್ಲಿದ್ದೆವು. ಪ್ರೈಮರಿ ಶಾಲೆಯನ್ನು ಉರ್ದುವಿನಲ್ಲಿ ಮುಗಿಸಿ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದ್ದ ನಮಗೆ ಕನ್ನಡದ ಒತ್ತಕ್ಷರಗಳನ್ನು ಪ್ರೀತಿಯಿಂದ ತಿದ್ದಿಸಿದವರು ನಮ್ಮ ಕನ್ನಡ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ನಾವು ಗ್ಯಾರೇಜಿಗೆ ಹೋಗಿ ಅಬ್ಬಾನ ಕೈಕೆಳಗೆ ಕೆಲಸ ಮಾಡುತ್ತಿದ್ದೆವು. ನಮ್ಮ ಪಾಲಿಗೆ ಇದ್ದದ್ದು ವಾಟರ್ ಪೇಪರ್ ಉಜ್ಜುವುದು. ಪುಟ್ಟಿ ಮೆತ್ತಿದ ಜಾಗವನ್ನು ನೀರು ಹಾಕಿ ಉಜ್ಜುತ್ತಾ, ಅಕ್ಕಪಕ್ಕದ ತಗಡಿಗೂ ಅದಕ್ಕೂ ವ್ಯತ್ಯಾಸ ತಿಳಿಯದಂತೆ ಮಾಡಬೇಕು. "ಕಣ್ಣಿಂದ ನೋಡಬೇಡ, ಕೈಯಿಂದ ನೋಡು" ಎನ್ನುತ್ತಿದ್ದರು ಅಬ್ಬಾ. ಕಣ್ಣು ಮುಚ್ಚಿ ಅಂಗೈ ಸವರಿದಾಗ ಏರುತಗ್ಗು ತಿಳಿಯಬಾರದು. ಅವರ ಕೈಗೆ ಇಡೀ ಊರಿನಲ್ಲಿ ಹೆಸರಿತ್ತು.

ಆ ವರ್ಷ ಬೇಸಿಗೆಯ ಕೊನೆಗೆ ಆಗುಂಬೆ ಕಡೆಯಿಂದ ಒಂದು ಪ್ರೀಮಿಯರ್ ಪದ್ಮಿನಿ ಬಂತು. ಜನ ಅದನ್ನು ಫಿಯಟ್ ಎಂದೇ ಕರೆಯುತ್ತಿದ್ದ ಕಾಲ. ಅಷ್ಟು ಮಳೆಯ ಸೀಮೆಯಲ್ಲಿ ಶೆಡ್ಡಿಲ್ಲದೆ ನಿಂತ ಕಾರು. ಮ್ಯಾಟ್ ಎತ್ತಿದರೆ ಡ್ರೈವರಿನ ಕಾಲ ಕೆಳಗೆ ನೆಲ ಕಾಣುತ್ತಿತ್ತು. ಎಡ ಬಾಗಿಲಿನ ಕೆಳಗಿನ ಪಟ್ಟಿ ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿದರೆ ಖರ್ಚು ಹೆಚ್ಚು, ಬರುವ ಲಾಭ ಕಮ್ಮಿ. ಮಾಲೀಕ ಬೇರೆ ದಾರಿ ಹೇಳಿದ. ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ತೂತಿಗೆ ಇಟ್ಟು, ಮೇಲೆ ಪುಟ್ಟಿ ಮೆತ್ತಿ, ಅಡಿಯಿಂದ ಡಾಂಬರಿನಂಥ ಕಪ್ಪನ್ನು ದಪ್ಪಗೆ ಬಳಿದೆವು. ಎಡ ಬಾಗಿಲಿನ ಕೆಳಗಿನ ಪಟ್ಟಿಯನ್ನು ಉಜ್ಜಿದ್ದು ನಾವೇ, ಮೂರು ಸಂಜೆ. ಅಬ್ಬಾ ಅಂಗೈ ಸವರಿ ನೋಡಿ ಶಾಬಾಶ್ ಎಂದರು. ಅವರು ನಮಗೆ ಶಾಬಾಶ್ ಎಂದದ್ದು ಕಡಿಮೆ, ಆದ್ದರಿಂದ ಈ ಶಾಬಾಶ್ ನೆನಪಿದೆ. ಆಮೇಲೆ ತಿಳಿ ಹಸಿರು ಬಣ್ಣ ಹೊಡೆದರು. ಕಾರು ನಿಂತಲ್ಲೇ ಹೊಳೆಯಿತು.

ಅದನ್ನು ಕೊಂಡವರು ಕನ್ನಡ ಮೇಷ್ಟ್ರು.

ಅವರು ಬಂದು ನೋಡಿದ ದಿನ ನಾವು ಅಲ್ಲಿದ್ದೆವು. ಮೇಷ್ಟ್ರಿಗೆ ಕಾರಿನ ಬಗ್ಗೆ ಏನೂ ತಿಳಿಯದು. ಕಾರಿನ ಸುತ್ತ ಎರಡು ಸಲ ನಡೆದರು, ಬಾನೆಟ್ಟಿನ ಮೇಲೆ ಕೈಯಿಟ್ಟರು, ಡಿಕ್ಕಿ ತೆಗೆಸಿ ಹಾಕಿಸಿದರು. ಮಗಳಿಗೆ ಕಾಲು ನೋವು, ಬಸ್ಸು ಹತ್ತಲಾಗುವುದಿಲ್ಲ, ಅದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಯಾರೂ ಕೇಳದಿದ್ದರೂ ಹೇಳಿದರು. ನಮ್ಮನ್ನು ಕಂಡು, "ಓ, ಇದು ನಿಮ್ಮ ತಂದೆಯವರ ಕೈಕೆಲಸವೋ? ಹಾಗಾದರೆ ಚಿಂತೆಯಿಲ್ಲ" ಎಂದು ನಕ್ಕರು. ಅಬ್ಬಾ ಕೈಯಲ್ಲಿದ್ದ ಬಟ್ಟೆಯಿಂದ ಗನ್ನು ಒರೆಸುತ್ತಾ ನಿಂತಿದ್ದರು. ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಆ ಮಳೆಗಾಲ ಹೇಗೋ ಕಳೆಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಪಟ್ಟಿಯ ಉದ್ದಕ್ಕೂ ಗುಳ್ಳೆ ಎದ್ದಿತು, ಬಾಗಿಲು ಜೋತುಬಿತ್ತು, ತಳದ ಪುಟ್ಟಿ ಹೆಂಟೆಹೆಂಟೆಯಾಗಿ ರಸ್ತೆಯಲ್ಲಿ ಉದುರಿತು. ಮೇಷ್ಟ್ರ ಮಗಳು ಕಾಲ ಕೆಳಗೆ ಗೊಬ್ಬರದ ಚೀಲ ಹಾಸಿಕೊಂಡು ಕೂತಿದ್ದನ್ನು ನಾವು ನೋಡಿದ್ದೇವೆ. ಒಂದು ದಿನ ತರಗತಿ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ನಿಲ್ಲಿಸಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಕಾರು ಒಳಗೆ ಹಾಗಿತ್ತು ಅಂತ ನಿನಗೆ ಗೊತ್ತಿತ್ತೇನೋ?"

"ಇಲ್ಲ ಸಾರ್" ಎಂದೆವು.

"ಸರಿ, ಹೋಗು" ಎಂದರು. ಮರುದಿನವೂ ಒತ್ತಕ್ಷರ ತಿದ್ದಿಸಿದರು.

ಆ ರಾತ್ರಿ ಅಬ್ಬಾನ ಹತ್ತಿರ ಇದನ್ನು ಹೇಳಿದೆವು. ಅವರು ತುಂಬ ಹೊತ್ತು ಸುಮ್ಮನಿದ್ದು, "ನಾವು ಬಣ್ಣದವರು ಬೇಟಾ, ಮಾರುವವರಲ್ಲ" ಎಂದರು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅವರದು ದಿನಗೂಲಿ. ಮಾಲೀಕ ಹೇಳಿದ್ದನ್ನು ಮಾಡದಿದ್ದರೆ ನಾಳೆ ಇನ್ನೊಬ್ಬ ಮಿಸ್ತ್ರಿ ಮಾಡುತ್ತಿದ್ದ. ಮಾಡಿದ ಕೆಲಸದಲ್ಲಿ ಅವರು ಮೋಸ ಮಾಡಲಿಲ್ಲ; ಪುಟ್ಟಿ ನೇರವಾಗಿತ್ತು, ಬಣ್ಣ ಎಲ್ಲೂ ಇಳಿದಿರಲಿಲ್ಲ. ಯಾರಾದರೂ ನೇರವಾಗಿ ಕೇಳಿದ್ದರೆ ಸುಳ್ಳು ಹೇಳುವ ಮನುಷ್ಯನೂ ಅವರಾಗಿರಲಿಲ್ಲ. ಯಾರೂ ಕೇಳಲಿಲ್ಲ, ಮೇಷ್ಟ್ರೂ ಅವರನ್ನು ಕೇಳಲಿಲ್ಲ, ನಮ್ಮನ್ನು ಕೇಳಿದರು. ಒಂದು ಮೋಸವನ್ನು ಹತ್ತು ಕೈಗಳಿಗೆ ಹಂಚಿಬಿಟ್ಟರೆ ಯಾವ ಕೈಯಲ್ಲೂ ಮೋಸ ಎನ್ನುವಷ್ಟು ಭಾರ ಉಳಿಯುವುದಿಲ್ಲ. ತಗಡು ಕತ್ತರಿಸಿದವನದು ತಗಡಿನ ಕೆಲಸ, ಬಣ್ಣದವನದು ಬಣ್ಣದ ಕೆಲಸ, ಮಾಲೀಕನದು ವ್ಯಾಪಾರ. ಉಜ್ಜಿದ ಹುಡುಗನದು ಹುಡುಗಾಟ. ಹೀಗೆ ಹಂಚಿಹೋದ ಅಪರಾಧಗಳಿಂದಲೇ ನಮ್ಮ ಎಷ್ಟೋ ಕಚೇರಿಗಳೂ ಕಾಮಗಾರಿಗಳೂ ನಡೆಯುತ್ತಿವೆ.

ಉರ್ದು ಶಾಲೆಯಲ್ಲಿ ನಮಗೆ ಕಲಿಸಿದ ಒಂದು ಪ್ರಸಂಗವಿದೆ. ಪ್ರವಾದಿಯವರು(ಸ) ಧಾನ್ಯ ಮಾರುವವನ ರಾಶಿಯೊಂದರ ಬಳಿ ನಿಂತು ಒಳಗೆ ಕೈ ಹಾಕಿದರು, ಬೆರಳಿಗೆ ತೇವ ತಗುಲಿತು. ಇದೇನೆಂದು ಕೇಳಿದಾಗ ಮಳೆ ಬಿದ್ದು ನೆನೆಯಿತು ಎಂದ ಆತ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು. ಚಿಕ್ಕಂದಿನಲ್ಲಿ ಇದನ್ನು ವ್ಯಾಪಾರಿಗಳಿಗೆ ಹೇಳಿದ ಬುದ್ಧಿಮಾತು ಎಂದುಕೊಂಡಿದ್ದೆವು. ಹುಡುಗನ ಮೇಜಿನ ಮುಂದೆ ನಿಂತಾಗ ಅದರ ಇನ್ನೊಂದು ಬದಿ ಕಾಣಿಸಿತು. ಆತನ ಧಾನ್ಯ ನೆನೆದದ್ದು ತಪ್ಪಲ್ಲ, ಮಳೆ ಯಾರ ಮಾತೂ ಕೇಳುವುದಿಲ್ಲ. ನೆನೆದ ಧಾನ್ಯವನ್ನು ಮಾರಬೇಡ ಎಂದೂ ಆ ಪ್ರಶ್ನೆ ಹೇಳುವುದಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದಷ್ಟೇ ಅಲ್ಲಿ ಕೇಳಿದ್ದು. ನಮ್ಮ ಗ್ಯಾರೇಜಿನಲ್ಲಿ ಒಣ ಧಾನ್ಯ ಮೇಲಿತ್ತು. ಹುಡುಗನ ಕಾರಿನಲ್ಲಿ ಒದ್ದೆ ಧಾನ್ಯ ಮೇಲೆ ಬಂದಿದೆ.

ಆದರೆ ಇಷ್ಟಕ್ಕೇ ಹುಡುಗನದು ಸತ್ಯ, ನಮ್ಮದು ಸುಳ್ಳು ಎನ್ನಲಾದೀತೇ? ಅವನ ಬೀಟಲ್ ಯಾವ ಮಳೆಯಲ್ಲೂ ನಿಂತಿಲ್ಲ. ನಮ್ಮ ಫಿಯಟ್ಟಿನ ತುಕ್ಕಾದರೂ ನಿಜವಾಗಿತ್ತು, ಇಲ್ಲಿ ತುಕ್ಕೇ ಬಣ್ಣ. ಇದೇ ಉಪ್ಪು, ಇದೇ ಕಂದು ಬಣ್ಣದಿಂದ ಹೊಸ ತಗಡಿನ ಬೋರ್ಡನ್ನು ಹಳೆಯದು ಮಾಡಿ, ಹೊಸ ಹಿತ್ತಾಳೆಗೆ ಕಿಲುಬು ಹಿಡಿಸಿ, ಅಜ್ಜನ ಕಾಲದ್ದು ಎಂದು ಮಾರುವವರಿದ್ದಾರೆ. ಕಾಣುವ ಹಾಗೆ ಮೇಲಿಟ್ಟ ತುಕ್ಕೂ ಮೋಸವಾಗಬಲ್ಲದು. ನಾವು ಹುಡುಗನಿಗೆ ಇದನ್ನೇ ಕೇಳಿದೆವು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. "ಇದರಲ್ಲಿ ಯಾರೂ ಕೂತು ಹೋಗೋದಿಲ್ಲವಲ್ಲ ಮಾಮು" ಎಂದ.

ಅವನಿಗೆ ಅರಿವಿಲ್ಲದೆ ಆಡಿದ ಈ ಮಾತು ನಮ್ಮ ತಲೆಯಲ್ಲಿ ಬಹಳ ದಿನ ಉಳಿಯಿತು. ಸುಳ್ಳನ್ನು ಅಳೆಯಬೇಕಾದದ್ದು ವಸ್ತುವಿನಿಂದಲ್ಲ, ಅದರ ಮೇಲೆ ಭಾರ ಹಾಕುವವರಿಂದ. ನಕಲಿ ತುಕ್ಕಿನ ಮೇಲೆ ಯಾರೂ ಕಾಲಿಡುವುದಿಲ್ಲ. ನಾವು ಉಜ್ಜಿದ ಪಟ್ಟಿಯ ಮೇಲೆ ಕಾಲು ನೋಯುವ ಒಬ್ಬ ಹುಡುಗಿ ದಿನಾ ಕಾಲಿಟ್ಟು ಹತ್ತುತ್ತಿದ್ದಳು. ಇವರ ಪ್ರದರ್ಶನಗಳಲ್ಲಿ ತೀರ್ಪುಗಾರರು ಸಣ್ಣ ಟಾರ್ಚು ಹಿಡಿದು ಮಾದರಿಯ ಕೆಳಗೂ ಸಂದಿಗೂ ಬೆಳಕು ಬಿಟ್ಟು ನೋಡುತ್ತಾರಂತೆ. ಗೋಂದಿನ ಕಲೆ, ಸರಿಯಾಗಿ ಉಜ್ಜದ ಕೂಡು, ನೆಲಕ್ಕೆ ತಾಗದ ಚಕ್ರ, ಎಲ್ಲಕ್ಕೂ ಅಂಕ ಕಡಿತ. ಯಾರೂ ಕೂರದ ಕಾರಿಗೆ ಇಷ್ಟು ತಪಾಸಣೆ. ಮೇಷ್ಟ್ರು ಕೊಂಡ ಕಾರಿನ ಕೆಳಗೆ ಬಗ್ಗಿ ನೋಡಿದವರು ಯಾರೂ ಇರಲಿಲ್ಲ. ನಮ್ಮ ಅಬ್ಬಾನ ಹೆಸರೇ ಅಲ್ಲಿ ಟಾರ್ಚಿನ ಕೆಲಸ ಮಾಡಿತ್ತು.

ಇಲ್ಲಿಗೆ ಬಿಟ್ಟಿದ್ದರೆ ಈ ಬರಹದಲ್ಲಿ ನಾವು ಪಶ್ಚಾತ್ತಾಪಪಟ್ಟ ಒಳ್ಳೆಯ ಮನುಷ್ಯರಾಗಿ ಕಾಣುತ್ತಿದ್ದೆವು. ಇನ್ನೊಂದು ಸಂಗತಿ ಇದೆ. ಹದಿನೈದು ವರ್ಷಗಳ ಹಿಂದೆ ನಾವು ಈ ಕಾರಿನ ಬಗ್ಗೆ ಒಂದು ಕಥೆ ಬರೆದೆವು. ಗ್ಯಾರೇಜು, ವಾಟರ್ ಪೇಪರು, ತಿಳಿ ಹಸಿರು ಬಣ್ಣ, ಮೇಷ್ಟ್ರು, ಎಲ್ಲವೂ ಅದರಲ್ಲಿ ಹೀಗೆಯೇ ಇದೆ. ಕೊನೆ ಮಾತ್ರ ಬೇರೆ. ಕಥೆಯಲ್ಲಿ ಮೇಷ್ಟ್ರು ಕೇಳಿದಾಗ ಹುಡುಗ ಅಳುತ್ತಾ, ಗೊತ್ತಿತ್ತು ಸಾರ್ ಎನ್ನುತ್ತಾನೆ. ಮೇಷ್ಟ್ರು ಅವನ ತಲೆ ಸವರುತ್ತಾರೆ. ಓದಿದವರು ಕಣ್ಣು ತುಂಬಿ ಬಂತು ಎಂದು ಕಾಗದ ಬರೆದರು. ಬರೆಯುವಾಗ ನಮಗೆ ಯಾವ ಅಳುಕೂ ಇರಲಿಲ್ಲ. ಕಥೆ ಎಂದರೆ ಕಥೆ, ವರದಿಯಲ್ಲ. ನೋಟಕ್ಕೆ ನಿಷ್ಠರಾಗಬೇಕಾದರೆ ಅಳತೆ ಬಿಡಬೇಕು ಎಂದು ಮೇಲೆ ಹುಡುಗನ ಲೆಕ್ಕವನ್ನು ಹೇಳಿದೆವಲ್ಲ, ಅಂಥದೇ ಸಮಾಧಾನ ಆಗಲೂ ನಮ್ಮ ಹತ್ತಿರ ಇತ್ತು.

ಆ ಕಥೆಯನ್ನು ಮೇಷ್ಟ್ರು ಓದಲಿಲ್ಲ, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರ ಮಗಳು ಓದಿದರು. ಒಂದು ಮದುವೆಯಲ್ಲಿ ಸಿಕ್ಕಾಗ ಅವರಾಗಿಯೇ ಹತ್ತಿರ ಬಂದು, "ನೀವು ನಮ್ಮಪ್ಪನ ಹತ್ತಿರ ಒಪ್ಪಿಕೊಂಡಿದ್ರಿ ಅಂತ ನಮಗೆ ಗೊತ್ತೇ ಇರಲಿಲ್ಲ. ಅಪ್ಪ ಹೇಳಿರಲಿಲ್ಲ. ಅವರು ಹಾಗೇ, ಯಾರ ತಪ್ಪನ್ನೂ ಮನೆಗೆ ತರುತ್ತಿರಲಿಲ್ಲ" ಎಂದರು. ನಾವು ತಲೆ ತಗ್ಗಿಸಿದೆವು. ಅವರು ಅದನ್ನು ವಿನಯ ಎಂದುಕೊಂಡರು. ಕಥೆಗಾರರು ನಾವು, ಸಾಕ್ಷಿ ಹೇಳುವವರಲ್ಲ ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲಿತ್ತು. ಅದು ಅಬ್ಬಾನ ಮಾತೇ ಎಂದು ಆಗ ಹೊಳೆಯಲಿಲ್ಲ. ಅಬ್ಬಾನಿಗೆ ದಿನಗೂಲಿಯ ಹೆದರಿಕೆಯಾದರೂ ಇತ್ತು. ನಮ್ಮನ್ನು ಯಾರು ಹೆದರಿಸಿದ್ದರು? ಮೂರು ಸಂಜೆ ಉಜ್ಜಿದ ಹಾಗೆಯೇ ಆ ಕಥೆಯ ಕೊನೆಯನ್ನೂ ಮೂರು ಸಲ ತಿದ್ದಿ ನಯ ಮಾಡಿದ್ದೆವು. ಕಣ್ಣು ಮುಚ್ಚಿ ಕೈ ಸವರಿದರೂ ಕೂಡು ತಿಳಿಯದ ಹಾಗೆ.

ಹುಡುಗ ಬೀಟಲ್ ಮುಗಿಸಿದ್ದಾನೆ. ತಿಳಿ ಹಸಿರು, ಎಡ ಬಾಗಿಲಿನ ಕೆಳಗೆ ಉದ್ದಕ್ಕೂ ತುಕ್ಕು, ತಳದಲ್ಲಿ ಸೂಜಿ ಕಾಯಿಸಿ ಮಾಡಿದ ತೂತು. ಫಿಯಟ್ಟಿನ ಬಣ್ಣವನ್ನು ಅವನೇ ಹೇಗೆ ಆರಿಸಿದ ಎಂದು ಆಶ್ಚರ್ಯವಾಗಿ ಕೇಳಿದೆವು. "ನಿಮ್ಮ ಕಥೆಯಿಂದ" ಎಂದ. ಅವನು ಅದನ್ನು ಓದಿದ್ದ. ಬರುವ ಪ್ರದರ್ಶನಕ್ಕೆ ಕಾರನ್ನು ಇಡುತ್ತಾನಂತೆ. ಅಲ್ಲಿ ಪ್ರತಿ ಮಾದರಿಯ ಮುಂದೆ ಒಂದು ಕಾರ್ಡು ಇರುತ್ತದೆ: ಯಾವ ವಾಹನ, ಯಾವ ಅಳತೆ, ಯಾರು ಮಾಡಿದ ಡಬ್ಬಿ, ಕಟ್ಟಿದವರು ತಮ್ಮದಾಗಿ ಏನು ಸೇರಿಸಿದರು. ಎರಡು ಸಾಲು ಕನ್ನಡದಲ್ಲಿ ನೀವೇ ಬರೆದುಕೊಡಿ ಮಾಮು, ಈ ತುಕ್ಕು ಎಲ್ಲಿಂದ ಬಂತು ಅಂತ, ಎಂದು ಕಾರ್ಡನ್ನು ನಮ್ಮ ಕೈಗೆ ಕೊಟ್ಟ.

ಕಾರ್ಡು ನಮ್ಮ ಮೇಜಿನ ಮೇಲೆ ಖಾಲಿ ಇದೆ. ಮೇಷ್ಟ್ರ ಮಗಳು ಈಗ ಶಿವಮೊಗ್ಗದಲ್ಲೇ ಇದ್ದಾರೆ. ಈ ಸಂಚಿಕೆ ಬಂದ ಮೇಲೆ ಒಂದು ಪ್ರತಿಯನ್ನು ಅವರಿಗೆ ಕೊಡಬೇಕು. ಅಂಚೆಯಲ್ಲಿ ಹಾಕುವುದು ಬೇಡ, ನಾವೇ ಹೋಗುತ್ತೇವೆ.